ಹದಿನೆಂಟನೇ ಹೆಸರು

"ಹದಿನೇಳು!" ಮಾರ್ಕರ್ ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಬ್ರೈಡಿ ಕೂಗಿದಳು. "ಅಪ್ಪಾ, ಹದಿನೆಂಟನೆಯವರು ಯಾರು?"

ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ಅಪ್ಪ ಫೋನನ್ನು ಕಿವಿಯಿಂದ ತೆಗೆದು ಜೇಬಿಗೆ ಹಾಕಿದ. ಅವನ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಆ ಕಡೆಯವರೂ ಆಗಲ್ಲ ಅಂದಿದ್ದರು.

"ಆ ಗೆರೆ ಖಾಲಿ ಬಿಡು. ನಾಳೆ ಯಾರಾದ್ರೂ ಸಿಗ್ತಾರೆ."

"ನಾಳೆ ಶುಕ್ರವಾರ ಅಪ್ಪಾ. ನಾಡಿದ್ದೇ ಮ್ಯಾಚು."

"ಗೊತ್ತು ಕಣೆ. ಲಿಸ್ಟು ಅಂಟಿಸಿ ಮನೆಗೆ ಹೋಗು. ಬೆಳಕು ಇರೋವಾಗ್ಲೇ ಟ್ರಾಕ್ಟರಿನ ಕೂರಿಗೆಗೆ ಬೀಜ ತುಂಬಿಸ್ಬೇಕು ನಾನು."

ಟಾಲ್ಗರಿ ಊರಿನ ಫುಟಿ, ಅಂದರೆ ಆ ಕಡೆಯ ಫುಟ್‌ಬಾಲ್, ತಂಡದ ಹೆಸರುಗಳನ್ನು ಪ್ರತಿ ಗುರುವಾರ ದೊಡ್ಡ ಹಾಳೆಯಲ್ಲಿ ಬರೆದು, ಮಿಸೆಸ್ ಲಾಮ್ ಅವರ ಬೇಕರಿಯ ಕಿಟಕಿಗೆ ಅಂಟಿಸುವುದು ಬ್ರೈಡಿಯ ಕೆಲಸ. ಐದನೇ ಕ್ಲಾಸಿನಲ್ಲಿ ಅವಳದೇ ದುಂಡಗಿನ ಅಕ್ಷರ. ಬೇಕರಿ ಮುಚ್ಚುವುದು ಆರು ಗಂಟೆಗೆ. ಅಷ್ಟರೊಳಗೆ ಊರಿನ ಅರ್ಧ ಜನ ಬ್ರೆಡ್ಡಿನ ನೆಪದಲ್ಲಿ ಬಂದು ಲಿಸ್ಟು ನೋಡಿ ಹೋಗುತ್ತಾರೆ. ಯಾರು ಆಡುತ್ತಾರೆ, ಯಾರು ಆಡುವುದಿಲ್ಲ ಅನ್ನುವುದು ಆಟಗಾರರಿಗೂ ಗೊತ್ತಾಗುವುದು ಅಲ್ಲೇ. ಅಜ್ಜನ ಕಾಲದಿಂದ ನಡೆದು ಬಂದ ಪದ್ಧತಿ ಅದು.

ಹೋದ ವರ್ಷ ತಂಡ ಒಂದೇ ಒಂದು ಮ್ಯಾಚು ಗೆದ್ದಿರಲಿಲ್ಲ. ಆಮೇಲೆ ಹುಡುಗರು ಒಬ್ಬೊಬ್ಬರಾಗಿ ಗಣಿ ಕೆಲಸಕ್ಕೆ, ಕಾಲೇಜಿಗೆ ಅಂತ ಊರು ಬಿಟ್ಟರು. ಈ ವರ್ಷ ಲೀಗಿನವರು ಕಾಗದ ಬರೆದರು: ಮೊದಲ ಮ್ಯಾಚಿಗೆ ಹದಿನೆಂಟು ಜನ ಇಳಿಸಿ, ಇಲ್ಲವಾದರೆ ಟಾಲ್ಗರಿ ತಂಡವನ್ನು ನಲ್ಬರ್ ತಂಡದೊಳಗೆ ಸೇರಿಸುತ್ತೇವೆ.

ನಲ್ಬರ್! ಆ ಊರಿನವರ ಹಸಿರು ಜರ್ಸಿ ಹಾಕುವುದಕ್ಕಿಂತ ಗೋಣಿಚೀಲ ಹಾಕಿಕೊಳ್ಳುವುದು ವಾಸಿ.

ಅಪ್ಪ ತಂಡದ ಕೋಚು. ಆಡುವವನೂ ಹೌದು. ಕಾಗದ ಬಂದ ಮೇಲಿನ ಭಾನುವಾರವೇ ಅವನು ಬ್ರೈಡಿಯನ್ನು ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯಲ್ಲಿ ಕೂರಿಸಿಕೊಂಡು ಹಳೇ ಆಟಗಾರರ ಮನೆ ಮನೆಗೆ ಹೋಗಿದ್ದ.

"ರಾಸ್, ನನಗೆ ನಲವತ್ನಾಲ್ಕು ಕಣೋ!" ಅಂದಿದ್ದ ಬ್ರೆಡ್ ವ್ಯಾನ್ ಓಡಿಸುವ ಸ್ನೋಯಿ. "ಓಡಿದ್ರೆ ತೊಡೆ ಹರಿಯತ್ತೆ. ಬಗ್ಗಿದ್ರೆ ಚಡ್ಡಿ ಹರಿಯತ್ತೆ."

ಒಳಗಿನಿಂದ ಅವನ ಹೆಂಡತಿ, "ಕರ್ಕೊಂಡ್ಹೋಗು ರಾಸ್! ಸೋಫಾ ಬಿಟ್ಟು ಎದ್ರೆ ಸಾಕಾಗಿದೆ ನಂಗೆ" ಎಂದು ಕೂಗಿದ್ದಳು.

ಹೀಗೆ ಸ್ನೋಯಿ ಸಿಕ್ಕಿದ. ಊರಿನ ಪೊಲೀಸ್ ಸಿಕ್ಕಿದ. ಬ್ರೈಡಿಯ ಶಾಲೆಯ ಹೆಡ್‌ಮಾಸ್ಟರೂ ಸಿಕ್ಕಿದರು. ಅಪ್ಪ ಎಲ್ಲ ಮನೆಯಲ್ಲೂ ಹರಟೆಗೆ ನಿಂತುಬಿಡುತ್ತಿದ್ದ. ಬ್ರೈಡಿ ಯೂಟಿನಲ್ಲಿ ಕೂತು ಪೀಂ ಪೀಂ ಅಂತ ಹಾರ್ನ್ ಹೊಡೆದು ಕರೆಯಬೇಕಾಗಿತ್ತು.

ಒಂದೇ ಒಂದು ಮನೆಯ ಮುಂದೆ ಅಪ್ಪ ಇಳಿಯಲೇ ಇಲ್ಲ. ಅದು ಲೆಸ್ ಹಾರ್ಗನ್ ಅವರ ಮನೆ. ಕುರಿಯ ಉಣ್ಣೆ ಕತ್ತರಿಸುವ ಬ್ಲೇಡುಗಳಿಗೆ ಸಾಣೆ ಹಿಡಿಯುವುದು ಅವರ ಕೆಲಸ. ಒಂದು ಕಾಲದಲ್ಲಿ ಒಂದೇ ವರ್ಷಕ್ಕೆ ನೂರು ಗೋಲು ಹೊಡೆದವರು ಅಂತ ಊರೆಲ್ಲ ಹೇಳುತ್ತದೆ. ಅಪ್ಪ ಗೇಟಿನ ಹತ್ತಿರ ಯೂಟ್ ನಿಲ್ಲಿಸಿದ. ಇಂಜಿನ್ ಆಫ್ ಮಾಡಲಿಲ್ಲ. ಸ್ಟಿಯರಿಂಗ್ ಹಿಡಿದುಕೊಂಡು ಆ ಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದ.

"ಅವನು ಬರಲ್ಲ ಬಿಡು" ಎಂದು ಗಾಡಿ ತಿರುಗಿಸಿಬಿಟ್ಟ.

ಈಗ ಬ್ರೈಡಿ ಒಬ್ಬಳೇ ಹಾಳೆಯ ಮುಂದೆ ಕೂತಿದ್ದಳು. ಹದಿನೇಳು ಹೆಸರು, ಕೆಳಗೊಂದು ಖಾಲಿ ಗೆರೆ. ಬಿದ್ದ ಹಲ್ಲಿನ ಹಾಗೆ ಕಾಣುತ್ತಿತ್ತು ಅದು. ನಲ್ಬರಿನವರೂ ಪೈ ತಿನ್ನಲು ಮಿಸೆಸ್ ಲಾಮ್ ಅವರ ಅಂಗಡಿಗೇ ಬರುತ್ತಾರೆ. ನೋಡಿ ನಗುತ್ತಾರೆ.

ಅವಳು ಹಿಂದೆ ಮುಂದೆ ನೋಡಿದಳು. ಯಾರೂ ಇರಲಿಲ್ಲ. ಮಾರ್ಕರ್ ತೆಗೆದಳು. ಎಲ್ಲಕ್ಕಿಂತ ಚೆಂದದ ಅಕ್ಷರದಲ್ಲಿ ಬರೆದಳು: ೧೮. ಲೆಸ್ ಹಾರ್ಗನ್.

ನಾಳೆ ಯಾರಾದರೂ ಸಿಕ್ಕಾಗ ಹೆಸರು ಬದಲಾಯಿಸಿದರಾಯಿತು, ಅಂದುಕೊಂಡು ಹಾಳೆಯನ್ನು ಬೇಕರಿಯ ಕಿಟಕಿಗೆ ಅಂಟಿಸಿ ಬಂದಳು.

ಶುಕ್ರವಾರ ಬೆಳಿಗ್ಗೆ ಶಾಲೆಯ ಗೇಟಿನಲ್ಲೇ ಅವಳ ಕ್ಲಾಸಿನ ಟೋಬಿ ಅಡ್ಡ ಹಾಕಿದ.

"ಲೇ ಬ್ರೈಡಿ! ಹಾರ್ಗನ್ ಆಡ್ತಾರಂತೆ? ನಮ್ ತಾತ ಆಗಲೇ ಕಾರು ತೊಳೀತಿದಾನೆ! ಗೋಲಾದಾಗ ಹಾರ್ನ್ ಹೊಡೆಯೋಕೆ ಬೇಲಿ ಹತ್ರಾನೇ ಜಾಗ ಬೇಕಂತೆ, ಬೆಳಿಗ್ಗೆ ಎಂಟಕ್ಕೇ ಹೋಗ್ತಾನಂತೆ."

ಬ್ರೈಡಿ ಅವನನ್ನು ಬಳಸಿಕೊಂಡು ಕ್ಲಾಸಿನೊಳಗೆ ಓಡಿದಳು.

ಮೊದಲ ಪೀರಿಯಡ್ಡಿಗೆ ಹೆಡ್‌ಮಾಸ್ಟರು ಸೀಟಿ ಹೊಡೆಯುತ್ತ ಬಂದರು. "ನಿಮ್ಮಪ್ಪ ಗಟ್ಟಿಗ ಕಣಮ್ಮ. ಹಾರ್ಗನ್‌ನ ಹೇಗೆ ಒಪ್ಪಿಸಿದ?" ಎಂದು ಕೇಳಿದರು. ಬ್ರೈಡಿ ಪೆನ್ಸಿಲ್ ಹುಡುಕುವವಳ ಹಾಗೆ ಬ್ಯಾಗಿನೊಳಗೆ ತಲೆ ಹಾಕಿದಳು.

ಅಪ್ಪನಿಗೆ ಹೇಳೋಣವೆಂದರೆ ಅವನು ದೂರದ ಹೊಲದಲ್ಲಿ ಬಿತ್ತನೆಯಲ್ಲಿದ್ದ. ಅಲ್ಲಿ ಫೋನ್ ಸಿಗುವುದಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ನರ್ಸ್, ಇವತ್ತು ಹಗಲಿಡೀ ಡ್ಯೂಟಿ. ಶಾಲೆ ಬಿಟ್ಟ ಕೂಡಲೇ ಬ್ರೈಡಿ ಸೈಕಲ್ ಹತ್ತಿದಳು. ಮನೆಯ ಕಡೆಗಲ್ಲ, ಹಾರ್ಗನ್ ಅವರ ಮನೆಯ ಕಡೆಗೆ.

ಗೇಟಿನ ಕಂಬದ ಮೇಲೆ ಯಾರೋ ಕಾಲಿಗೆ ಸುತ್ತುವ ಹೊಸ ಬ್ಯಾಂಡೇಜ್ ಇಟ್ಟು ಹೋಗಿದ್ದರು. ಪಕ್ಕದಲ್ಲೇ ಮಿಸೆಸ್ ಲಾಮ್ ಅವರ ಪೈ ಇದ್ದ ಪೊಟ್ಟಣ. ಅದರ ಮೇಲೆ 'ಆಲ್ ದ ಬೆಸ್ಟ್' ಎಂದು ಬರೆದಿತ್ತು. ಬ್ರೈಡಿಗೆ ಅಲ್ಲಿಂದಲೇ ಓಡಿಹೋಗೋಣ ಅನ್ನಿಸಿತು. ಆದರೂ ಗೇಟು ತೆಗೆದಳು.

ಶೆಡ್ಡಿನಲ್ಲಿ ಸಾಣೆಕಲ್ಲು ಕಿರ್ರೆನ್ನುತ್ತಿತ್ತು. ಅವಳನ್ನು ಕಂಡು ನಿಂತಿತು. ಹಾರ್ಗನ್ ಎತ್ತರದ ಮನುಷ್ಯ. ಬಾಗಿಲಿಗೆ ಬರಲು ತಲೆ ಬಗ್ಗಿಸಬೇಕಾಯಿತು.

"ನೀನು ರಾಸ್ ಮಗಳಲ್ವಾ?"

"ಹೌದು, ಮಿಸ್ಟರ್ ಹಾರ್ಗನ್. ಕಿಟಕೀಲಿ ನಿಮ್ಮ ಹೆಸರು..." ಬ್ರೈಡಿ ಕಂಬದ ಮೇಲಿನ ಪೊಟ್ಟಣದ ಕಡೆ ಕೈ ತೋರಿಸಿದಳು. "ಅಪ್ಪ ಬರೆಸಿದ್ದಲ್ಲ. ನಾನೇ ಬರೆದೆ. ಗೆರೆ ಖಾಲಿ ಇತ್ತು, ಅದಕ್ಕೆ. ಸಾರಿ. ಈಗಲೇ ಹೋಗಿ ಹೊಡೆದು ಹಾಕ್ತೀನಿ."

ಹಾರ್ಗನ್ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡರು. ಒಂದು ಕೈ, ಆಮೇಲೆ ಇನ್ನೊಂದು ಕೈ.

"ಹೊಡೆದು ಹಾಕ್ಬೇಡ. ಆ ಕಿಟಕೀಲಿ ನನ್ನ ಹೆಸರು ಒಂದ್ಸಲ ಮಾಯ ಆಗಿದೆ. ಅಷ್ಟು ಸಾಕು."

ಬ್ರೈಡಿಗೆ ಅರ್ಥವಾಗಲಿಲ್ಲ. ಅವರು ಮನೆಯ ಮೆಟ್ಟಿಲ ಮೇಲೆ ಕೂತರು.

"ನೀನು ಹುಟ್ಟೋಕೆ ಮುಂಚೆ. ಫೈನಲ್ ಮ್ಯಾಚು ಇತ್ತು. ನಿಮ್ಮಪ್ಪ ಹೊಸದಾಗಿ ಕೋಚ್ ಆಗಿದ್ದ. ಗುರುವಾರ ಸಂಜೆ ಬೂಟಿಗೆ ಪಾಲಿಶ್ ಹಾಕಿಟ್ಟು, ನಾನೂ ನನ್ನ ಹೆಂಡತಿ ಜೋನೂ ಬ್ರೆಡ್ ತರೋಕೆ ಹೋದ್ವಿ. ಕಿಟಕಿ ಮುಂದೆ ಜನ. ಲಿಸ್ಟಿನ ಮೇಲೆ ಬೆರಳಿಟ್ಟು ಮೇಲಿಂದ ಕೆಳಗೆ ಹುಡುಕಿದೆ. ಇನ್ನೊಂದ್ಸಲ ಹುಡುಕಿದೆ. ಇರಲಿಲ್ಲ. ಎಲ್ಲರೂ ನನ್ನೇ ನೋಡ್ತಿದ್ರು."

"ಅಪ್ಪ ಯಾಕೆ ತೆಗೆದ್ರು?"

"ನನಗಾಗಲೇ ಮೂವತ್ತೈದು, ಮಂಡಿ ನೋವು ಬೇರೆ. ನಾನೇ ಕೋಚ್ ಆಗಿದ್ರೂ ತೆಗೀತಿದ್ದೆ ಅನ್ಸತ್ತೆ." ಅವರು ಬಟ್ಟೆಯನ್ನು ಮಡಚಿದರು. "ಆದ್ರೆ ಹದಿನೇಳು ವರ್ಷ ಆಡಿದವನಿಗೆ ಹೇಳೋಕೆ ಒಬ್ಬನೂ ಈ ಮೆಟ್ಟಿಲು ಹತ್ತಲಿಲ್ಲ. ಆ ಲಿಸ್ಟಿನ ವಿಷಯಕ್ಕೆ ಇಲ್ಲಿಗೆ ಬಂದವಳು ನೀನೇ ಮೊದಲು."

ಬ್ರೈಡಿ ತನ್ನ ಬೂಟಿನ ತುದಿ ನೋಡಿಕೊಂಡಳು. ಮೆಲ್ಲಗೆ ಕೇಳಿದಳು, "ನಾಳೆ... ಆಡ್ತೀರಾ?"

"ಭಾನುವಾರ ಗೇಟಲ್ಲಿ ನಿಮ್ಮ ಯೂಟ್ ನಿಂತಿತ್ತು. ನೋಡಿದೆ. ಒಳಗೆ ಹೋಗಿ ಟೀಗೆ ಕೆಟಲ್ ಇಟ್ಟೆ. ಎರಡು ಕಪ್ಪು ತೆಗೆದಿಟ್ಟೆ." ಹಾರ್ಗನ್ ಗೇಟಿನ ಕಡೆ ನೋಡಿದರು. "ಗೇಟಿಂದ ಇಲ್ಲಿಗೆ ಇಪ್ಪತ್ತು ಹೆಜ್ಜೆ. ನಿಮ್ಮಪ್ಪನ ಕಾಲು ನೆಟ್ಟಗಿದೆ ತಾನೆ?"

ಬ್ರೈಡಿ ಸೈಕಲ್ ತುಳಿದ ವೇಗಕ್ಕೆ ಮಣ್ಣಿನ ದಾರಿಯಲ್ಲಿ ಧೂಳೆದ್ದಿತು. ಅಪ್ಪ ಹೊಲದ ಅಂಚಿನಲ್ಲಿ ಟ್ರಾಕ್ಟರ್ ನಿಲ್ಲಿಸಿ ನೀರು ಕುಡಿಯುತ್ತಿದ್ದ. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಏನೇ ನೀನು!" ಅಪ್ಪನ ಮುಖ ಕೆಂಪಾಯಿತು. "ಹೇಳದೆ ಕೇಳದೆ ಹೆಸರು ಹಾಕೋದಾ? ಊರಿಗೆಲ್ಲ ಸುಳ್ಳು ಹೇಳಿದ ಹಾಗಲ್ವಾ? ಅವನು ಏನಂದುಕೊಂಡಿರ್ಬೇಕು?"

"ತಪ್ಪಾಯ್ತು ಅಪ್ಪಾ. ಅವರ ಹತ್ರಾನೂ ಸಾರಿ ಕೇಳಿದೆ." ಬ್ರೈಡಿ ತೋಳಿನಿಂದ ಮುಖದ ಧೂಳು ಒರೆಸಿಕೊಂಡಳು. "ಆದ್ರೆ ಭಾನುವಾರ ನಾವು ಗೇಟಲ್ಲಿದ್ದಾಗ ಅವರು ಕೆಟಲ್ ಇಟ್ಟಿದ್ರಂತೆ. ಎರಡು ಕಪ್ಪು ತೆಗೆದಿಟ್ಟಿದ್ರಂತೆ."

ಅಪ್ಪ ಟೋಪಿ ತೆಗೆದು ತೊಡೆಗೆ ಬಡಿದು ಧೂಳು ಕೊಡವಿದ. ಧೂಳೆಲ್ಲ ಹೋದ ಮೇಲೂ ಬಡಿಯುತ್ತಲೇ ಇದ್ದ.

"ಸೈಕಲ್ ಯೂಟಿಗೆ ಹಾಕು" ಅಂದ.

ಈ ಸಲ ಅಪ್ಪ ಇಂಜಿನ್ ಆಫ್ ಮಾಡಿ ಇಳಿದ. ಬ್ರೈಡಿ ಯೂಟಿನೊಳಗೆ ಕೂತು ಹೆಜ್ಜೆ ಎಣಿಸಿದಳು. ಇಪ್ಪತ್ತಲ್ಲ, ಇಪ್ಪತ್ತಾರು. ಅಪ್ಪನ ಹೆಜ್ಜೆ ಇವತ್ತು ಚಿಕ್ಕದಾಗಿತ್ತು.

ಮೆಟ್ಟಿಲ ಬುಡದಲ್ಲಿ ಅವನು ಟೋಪಿ ಕೈಯಲ್ಲಿ ಹಿಡಿದು ನಿಂತ. ಹಾರ್ಗನ್ ಮೇಲೆ ಕೈಕಟ್ಟಿ ನಿಂತಿದ್ದರು. ಮಾತು ಕೇಳಿಸುತ್ತಿರಲಿಲ್ಲ. ಅಪ್ಪನೇ ಹೆಚ್ಚು ಮಾತಾಡುತ್ತಿದ್ದ. ನೆಲ ನೋಡಿ ಮಾತಾಡುತ್ತಿದ್ದ. ಬ್ರೈಡಿ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹಾರ್ಗನ್ ತಿರುಗಿ ಒಳಗೆ ಹೋಗಿಬಿಟ್ಟರು.

ಆದರೆ ಬಾಗಿಲು ಹಾಕಲಿಲ್ಲ. ಅಪ್ಪ ಬೂಟನ್ನು ಕಾಲೊರಸಿಗೆ ಚೆನ್ನಾಗಿ ಉಜ್ಜಿ ತಾನೂ ಒಳಗೆ ಹೋದ.

ಅರ್ಧ ಗಂಟೆ ಕಳೆದ ಮೇಲೆ ಬಂದು ಯೂಟಿನಲ್ಲಿ ಕೂತವನು ಉಫ್ ಎಂದು ದೊಡ್ಡದಾಗಿ ಉಸಿರು ಬಿಟ್ಟ. "ಅವನ ಹಳೇ ಬೂಟು ಸಿಕ್ಕಿತು ಕಣೆ. ಆದ್ರೆ ಒಂದರ ಲೇಸನ್ನ ಇಲಿ ತಿಂದು ಹಾಕಿದೆ."

"ನನ್ನ ಬೂಟಿನ ಲೇಸು ಕೊಡ್ತೀನಿ!"

"ಅದು ಪಿಂಕ್ ಬಣ್ಣದ್ದು."

"ಆದ್ರೇನು?"

ಅಪ್ಪ ನಕ್ಕ. ಆ ವಾರದಲ್ಲಿ ಅವನು ನಕ್ಕಿದ್ದು ಅದೇ ಮೊದಲು. "ಇನ್ನೊಂದು ವಿಷಯ. ಇನ್ಮೇಲೆ ಕೇಳದೆ ಯಾರ ಹೆಸರೂ ಬರೀಬಾರದು. ಗೊತ್ತಾಯ್ತಾ?"

"ಗೊತ್ತಾಯ್ತು."

ಶನಿವಾರ ಮೈದಾನದ ಸುತ್ತ ಕಾರುಗಳು ಬೇಲಿಗೆ ಮೂಗು ತಾಗಿಸಿ ನಿಂತಿದ್ದವು. ಫುಟಿಯಲ್ಲಿ ಒಂದು ಗೋಲಿಗೆ ಆರು ಪಾಯಿಂಟು; ಟಾಲ್ಗರಿ ಮೂವತ್ತೊಂದು ಪಾಯಿಂಟಿನಿಂದ ಸೋತಿತು. ಸ್ನೋಯಿಯ ತೊಡೆಯೂ ಹಿಡಿದುಕೊಂಡಿತು, ಚಡ್ಡಿಯೂ ಹರಿಯಿತು. ಆದರೂ ಅವನು ಹೊರಗೆ ಬರಲಿಲ್ಲ. ಗೋಲು ಕಂಬಕ್ಕೆ ಒರಗಿಕೊಂಡು, "ನಾನು ಲೆಕ್ಕಕ್ಕಿದೀನಿ, ಲೆಕ್ಕಕ್ಕಿದೀನಿ!" ಎಂದು ಕೂಗುತ್ತಲೇ ಇದ್ದ.

ಹಾರ್ಗನ್ ಹೆಚ್ಚು ಓಡಲಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಿದ್ದವರ ಹಾಗೆ ಹೋಗಿ ನಿಲ್ಲುತ್ತಿದ್ದರು. ಒಂದು ಕಾಲಿನಲ್ಲಿ ಬಿಳಿ ಲೇಸು, ಇನ್ನೊಂದರಲ್ಲಿ ಪಿಂಕ್. ಎರಡು ಗೋಲು ಹೊಡೆದರು. ಎರಡನೆಯದಕ್ಕೆ ಟೋಬಿಯ ತಾತ ಹಾರ್ನಿನ ಮೇಲಿಂದ ಕೈಯನ್ನೇ ತೆಗೆಯಲಿಲ್ಲ.

ಕೊನೆಯ ಸೈರನ್ ಆದಾಗ ಬ್ರೈಡಿ ಎಣಿಸಿದಳು. ಹದಿನೆಂಟು ಜನ. ಕೆಲವರು ನಿಂತಿದ್ದರು, ಕೆಲವರು ಕೂತಿದ್ದರು, ಹೆಡ್‌ಮಾಸ್ಟರು ಅಂಗಾತ ಮಲಗಿದ್ದರು. ಲೀಗಿನವರು ಪುಸ್ತಕದಲ್ಲಿ ಸಹಿ ಹಾಕಿದರು. ಅಮ್ಮ ಐಸಿನ ಚೀಲಗಳನ್ನು ಹಂಚುತ್ತ, "ಸೋತ ತಂಡ ಇಷ್ಟು ನಗೋದನ್ನ ನಾನೆಲ್ಲೂ ನೋಡಿಲ್ಲ" ಅಂದಳು.

ಊರಿನಲ್ಲಿ ಆಟ ಇದೆ ಅಂತ ತಿಳಿದ ಮೇಲೆ ಹುಡುಗರು ಒಬ್ಬೊಬ್ಬರೇ ಮರಳಿ ಬಂದರು. ಜೂನ್ ಹೊತ್ತಿಗೆ ತಂಡ ಒಂದು ಮ್ಯಾಚು ಗೆದ್ದೂ ಬಿಟ್ಟಿತು. ಒಂದು ಗುರುವಾರ ನೋಡಿದರೆ ಇಪ್ಪತ್ತಮೂರು ಆಟಗಾರರಿದ್ದರು. ಮೈದಾನಕ್ಕೆ ಹದಿನೆಂಟು, ಬದಲಿಗೆ ನಾಲ್ಕು, ಲಿಸ್ಟಿನಲ್ಲಿ ಇರುವುದು ಇಪ್ಪತ್ತೆರಡೇ ಗೆರೆ.

ಬ್ರೈಡಿ ಅಪ್ಪ ಹೇಳಿದ ಹೆಸರುಗಳನ್ನೆಲ್ಲ ಬರೆದಳು. ಬರೆದು ಮುಗಿಸಿ ಮೇಲಿಂದ ಕೆಳಗೆ ಬೆರಳಾಡಿಸಿದಳು. ಇನ್ನೊಂದು ಸಲ ಬೆರಳಾಡಿಸಿದಳು. ತಲೆ ಎತ್ತಿ ಅಪ್ಪನನ್ನು ನೋಡಿದಳು.

"ಗೊತ್ತು" ಅಂದ ಅಪ್ಪ. "ಬಾ, ಯೂಟ್ ಹತ್ತು."

ಹಾರ್ಗನ್ ಅವರ ಗೇಟಿನ ಹತ್ತಿರ ಅಪ್ಪ ಇಂಜಿನ್ ಆಫ್ ಮಾಡಿ ಇಳಿದ. ಬಾಗಿಲು ತಟ್ಟುವ ಮೊದಲೇ ಹಾರ್ಗನ್ ಹೊರಗೆ ಬಂದರು. ಅಪ್ಪ ಏನೋ ಹೇಳಿದ. ಈ ಸಲ ಅವರ ಮುಖ ನೋಡಿಯೇ ಹೇಳಿದ. ಹಾರ್ಗನ್ ಬಗ್ಗಿ ತಮ್ಮ ಮಂಡಿಯನ್ನು ಎರಡು ಸಲ ತಟ್ಟಿದರು, ಮುದಿ ನಾಯಿಯ ಬೆನ್ನು ತಟ್ಟುವ ಹಾಗೆ. ಆಮೇಲೆ ಇಬ್ಬರೂ ಒಳಗೆ ಹೋದರು. ಅಡುಗೆಮನೆಯ ಕಿಟಕಿಯ ಗಾಜಿನ ಮೇಲೆ ಕೆಟಲಿನ ಹಬೆ ಹತ್ತತೊಡಗಿತು.

ಯೂಟಿನ ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷವಿತ್ತು. ಮಿಸೆಸ್ ಲಾಮ್ ಬಾಗಿಲು ಹಾಕುವ ಹೊತ್ತು. ಕಿಟಕಿಯ ಮುಂದೆ ಜನ ಆಗಲೇ ಕಾದಿರುತ್ತಾರೆ.

ಬ್ರೈಡಿಯ ಕೈ ಅಭ್ಯಾಸದಂತೆ ಹಾರ್ನಿನ ಕಡೆ ಹೋಯಿತು. ಅಲ್ಲೇ ನಿಂತಿತು. ಅವಳು ಕೈ ಹಿಂದೆ ತೆಗೆದುಕೊಂಡಳು. ಸುರುಳಿ ಸುತ್ತಿದ ಲಿಸ್ಟನ್ನು ಮಡಿಲಿನಲ್ಲಿ ಇಟ್ಟುಕೊಂಡು, ಅಪ್ಪ ಟೀ ಕುಡಿದು ಮುಗಿಸುವವರೆಗೂ ಕಾಯುತ್ತ ಕೂತಳು.