ಹನ್ನೊಂದು ನಲವತ್ತೆಂಟರ ಕೀಲಿ

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಪ್ರಿಹಾತಿನ್ ನಮ್ಮ ಕೋಣೆಗೆ ನುಗ್ಗಿದಾಗ ಬು ಹಾರ್ತಿನಿ ಸಲಾಕ್ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದರು.

"ಬು, ನಾನು ಕದ್ದಿಲ್ಲ! ಪಾಕ್ ದಾನು ಎಲ್ಲರ ಮುಂದೆ ಕಳ್ಳಿ ಅಂದ್ಬಿಟ್ರು. ನಾಲ್ಕು ಗಂಟೆಗೆ ಪೊಲೀಸರಿಗೆ ದೂರು ಕೊಡ್ತಾರಂತೆ."

"ಮೊದ್ಲು ಕೂತ್ಕೋ ಮಗಳೇ. ಹಣ್ಣು ತಿನ್ನು. ಆಮೇಲೆ ಅಳುವಿಯಂತೆ."

ಬು ಹಾರ್ತಿನಿ ಬ್ಯಾಂಕಿನಲ್ಲಿ ಮೂವತ್ತು ವರ್ಷ ತಪಾಸಣೆ ಮಾಡಿ, ಈಗ ಸುರಬಾಯದ ನಮ್ಮ ಕಂಪನಿಯಲ್ಲಿ ತನಿಖೆಗೆ ಕೂತವರು. ನಮ್ಮಲ್ಲಿ ಹಿರಿಯ ಹೆಂಗಸರಿಗೆ ಬು, ಅಂದರೆ ಅಮ್ಮ; ನಿರ್ದೇಶಕ ದಾನುವಿನಂಥವರಿಗೆ ಪಾಕ್, ಅಪ್ಪ; ಜೊತೆಗಾರರಿಗೆ ಮಾಸ್, ಅಣ್ಣ. ಕುಂಚೊರೊ ಎಂಬ ನಾನು ಅವರ ಸಹಾಯಕ. ಅಂದರೆ ಅವರು ಯೋಚಿಸುತ್ತಾರೆ, ನಾನು ಮಹಡಿ ಹತ್ತಿ ಇಳಿಯುತ್ತೇನೆ.

ಚಿಕ್ಕಪುಟ್ಟ ಆಸ್ಪತ್ರೆಗಳ ದಾಖಲೆ ಕಾಯುವುದು ನಮ್ಮ ಕಸುಬು. ದಾಖಲೆಗಳು ಎರಡು ಕ್ಲೌಡ್‌ಗಳಲ್ಲಿವೆ, ಒಂದು ಜಕಾರ್ತದ್ದು, ಇನ್ನೊಂದು ಸಿಂಗಪುರದ್ದು. ಒಳಹೋಗಲು ಬೇಕಾದ ತಾತ್ಕಾಲಿಕ ಕೀಲಿಯನ್ನು ಕೊಡುವವಳು ಪ್ರಿಹಾತಿನ್. ಕೀಲಿಯೆಂದರೆ ಉದ್ದನೆಯ ಅಕ್ಷರಗಳ ಸಾಲು, ಅದರ ಆಯುಸ್ಸು ಒಂದೇ ಗಂಟೆ. ಅದು ಸಾಯುವ ಮುನ್ನ ಜಕಾರ್ತದ ಕೀಲಿ ತೋರಿಸಿದರೆ ಸಿಂಗಪುರದವರು ತಮ್ಮದೊಂದು ಕೊಡುತ್ತಾರೆ. ಅದಕ್ಕೂ ಒಂದು ಗಂಟೆ.

ಅಂದು ಪ್ರಿಹಾತಿನ್ ಹೆಸರಿನ ಕೀಲಿ ಹುಟ್ಟಿದ್ದು 10:55ಕ್ಕೆ. ಅದನ್ನು ಸಿಂಗಪುರದ ಕೀಲಿಗೆ ಬದಲಾಯಿಸಿದ್ದು 11:48ಕ್ಕೆ. 12:35ರಿಂದ 12:44ರ ನಡುವೆ ಒಂದು ಕ್ಷಯರೋಗ ಆಸ್ಪತ್ರೆಯ ರೋಗಿಗಳ ಪಟ್ಟಿ ಪೂರ್ತಿ ಹೊರಗೆ ಹೋಗಿತ್ತು.

"ಆ ಕೀಲಿ ನಿನ್ನ ಹತ್ರ ಮಾತ್ರ ಇತ್ತಾ?" ಬು ಕೇಳಿದರು.

ಪ್ರಿಹಾತಿನ್ ತಲೆ ತಗ್ಗಿಸಿದಳು. "ಇಲ್ಲ ಬು. ನಮಾಜಿಗೆ ಹೋಗೋ ಮುಂಚೆ ಪಕ್ಕದ ಮೇಜಿನ ಮಾಸ್ ಗಾಲಿಹ್ ಟಿಟಿಪ್ ಕೇಳಿದ್ರು. ಆಫೀಸಿನ ಚಾಟ್ ಗುಂಪಿಗೇ ಹಾಕ್ಬಿಟ್ಟೆ. ಹೇಗೂ ಒಂದು ಗಂಟೇಲಿ ಸಾಯತ್ತಲ್ಲ ಅಂತ."

ಟಿಟಿಪ್! ನಮ್ಮ ಊರಿನ ದೊಡ್ಡ ಜಾಡ್ಯ ಇದು. ನನ್ನ ಚೀಲ ನಿನ್ನ ಹತ್ತಿರ ಇರಲಿ, ಬರುವಾಗ ನನಗೂ ಊಟ ತಂದುಬಿಡು, ನಿನ್ನ ಕೀಲಿಯಲ್ಲಿ ನನ್ನ ಕೆಲಸವೂ ಆಗಲಿ. ಇಲ್ಲ ಅಂದವರಿಗೆ ಸೊಕ್ಕು ಎಂಬ ಬಿರುದು ಖಂಡಿತ.

ನಾನು ಮಹಡಿ ಹತ್ತಿದೆ. 11:15ಕ್ಕೆ ಅಲ್ಲಿನ ಎಂಟು ಗಂಡಸರು ಶುಕ್ರವಾರದ ನಮಾಜಿಗೆ ಹೊರಟಿದ್ದರು. ಉಳಿದವರು ಇಬ್ಬರೇ, ಪ್ರಿಹಾತಿನ್ ಮತ್ತು ಕ್ರಿಶ್ಚಿಯನ್ನನಾದ ಯೋಸಾಫಾತ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆತ ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದ.

"ನಾನಲ್ಲ ಮಾಸ್! ಕುರ್ಚಿ ಬಿಟ್ಟು ಎದ್ದೇ ಇಲ್ಲ. ಹನ್ನೆರಡೂವರೆಗೆ ಬಿಸಿಬಿಸಿ ಲೊಂತೊಂಗ್ ಬಾಲಾಪ್ ತಿಂತಾ ಇದ್ದೆ, ಇಲ್ಲೇ."

ಇವನೇ ಕಳ್ಳ ಎಂದು ಆಗಲೇ ತೀರ್ಮಾನಿಸಿಬಿಟ್ಟೆ. ಗಾಲಿಹ್‌ನನ್ನೂ ಮಾತಾಡಿಸಿದೆ. "ನಮಾಜು ಮುಗಿಸಿ ಎಲ್ಲರ ಜೊತೆ ಊಟ ಮಾಡಿ ಒಂದು ಗಂಟೆಗೆ ಬಂದೆ" ಎಂದು ನಕ್ಕ. ಗುಂಪಿನಲ್ಲಿ 12:38ರ ಫೋಟೋ ಇತ್ತು. ಹೋಟೆಲಿನ ಬೆಂಚಿನಲ್ಲಿ ಏಳು ಮಂದಿ ಕಪ್ಪು ರಾವೋನ್ ಸಾರಿನ ಬಟ್ಟಲು ಹಿಡಿದು ಹಲ್ಲು ಕಿರಿಯುತ್ತಿದ್ದರು. ಕೆಳಗಿಳಿದು ತೋರಿಸಿದಾಗ ಬು ಆ ಫೋಟೋವನ್ನು ಬಹಳ ಹೊತ್ತು ನೋಡಿ, ಇನ್ನೊಂದು ಸಲಾಕ್ ಸುಲಿಯತೊಡಗಿದರು. ನನಗೆ ಅದೇ ಸಿಟ್ಟು ಬರುವುದು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ನಿರ್ದೇಶಕ ಪಾಕ್ ದಾನುವಿನ ಕೋಣೆಯಲ್ಲಿ ಎಲ್ಲರೂ ಸೇರಿದರು. ದೂರಿನ ಪತ್ರ ಮೇಜಿನ ಮೇಲಿತ್ತು, ಸಹಿ ಒಂದೇ ಬಾಕಿ.

"ನಮಾಜಿನ ಹೊತ್ತಲ್ಲಿ ಕೀಲಿ ಬದಲಾಗಿದೆ ಬು," ಎಂದರು ಪಾಕ್ ದಾನು. "ಇಲ್ಲಿದ್ದವರು ಇಬ್ಬರೇ. ಕೀಲಿ ಇವಳದ್ದು. ಇನ್ನೇನು ಬೇಕು?"

"ಒಂದು ಪ್ರಶ್ನೆ ಪಾಕ್. 11:48ಕ್ಕೆ ಕೀಲಿ ಬದಲಾಯಿಸಿದ ಕಳ್ಳ 12:35ರ ತನಕ ಯಾಕೆ ಸುಮ್ಮನೆ ಕೂತ?"

ಬು ಯೋಸಾಫಾತ್‌ನ ಕಡೆ ಬೆರಳು ಮಾಡಿದರು.

"ಯೋಸಾಫಾತ್ ಕಳ್ಳನಾದರೆ ಆಫೀಸು ಖಾಲಿ ಇದ್ದಾಗಲೇ ಕೆಲಸ ಮುಗಿಸ್ತಿದ್ದ, ಗಂಡಸರು ವಾಪಸ್ ಬರೋ ಹೊತ್ತಿಗೆ ಅಲ್ಲ. ಇನ್ನು ಪ್ರಿಹಾತಿನ್? ಕೀಲಿ ಕೊಡೋಳೇ ಅವಳು. ಬೇಕಾದಾಗ ಹೊಸದು ಮಾಡ್ಕೋಬಹುದು. ಸಾಯೋ ಕೀಲಿಗೆ ಆಯುಸ್ಸು ಜೋಡಿಸೋ ಕರ್ಮ ಅವಳಿಗ್ಯಾಕೆ?"

ಪಾಕ್ ದಾನು ಪೆನ್ನು ಕೆಳಗಿಟ್ಟರು. ಬು ಮುಂದುವರಿಸಿದರು.

"ಕೀಲಿ ಸಾಯೋ ಹೊತ್ತಲ್ಲಿ ಇಲ್ಲಿ ಇಲ್ಲದೋನಿಗೆ ಮಾತ್ರ ಅದು ಬೇಕಿತ್ತು. 10:55ರ ಕೀಲಿ 11:55ಕ್ಕೆ ಸಾಯತ್ತೆ. ಹೋಗೋ ಮುಂಚೆ, 11:10ಕ್ಕೇ ಬದಲಾಯಿಸಿದ್ರೆ 12:10ಕ್ಕೆ ಸಾಯತ್ತೆ, ಅಷ್ಟರಲ್ಲಿ ಅವನು ವಾಪಸ್ ಬರೋಕಾಗಲ್ಲ. ಅದಕ್ಕೇ ಸರ್ವರಿಗೆ ಹೇಳಿಟ್ಟು ಹೋದ, 11:48ಕ್ಕೆ ನೀನೇ ಬದಲಾಯಿಸು ಅಂತ. ಆ ಆಜ್ಞೆ ಇವಳ ಹೆಸರಲ್ಲೇ 11:09ಕ್ಕೆ ಬರೆದಿದ್ದು, ಸರ್ವರಿನಲ್ಲಿ ಈಗಲೂ ಇದೆ. ಅವನು ನಮಾಜಿನಲ್ಲಿದ್ದ, ಅವನ ಪರವಾಗಿ ಯಂತ್ರ ಕೆಲಸ ಮಾಡ್ತು."

"ಹಾಗಾದ್ರೆ ಎಂಟು ಜನರಲ್ಲಿ ಯಾರು?"

ಬು ಫೋಟೋ ತೋರಿಸಿದರು. "ಹೋದೋರು ಎಂಟು. ಕಳವು ನಡೀತಿದ್ದಾಗ ಊಟಕ್ಕೆ ಕೂತೋರು ಏಳು. ಮಾಸ್ ಗಾಲಿಹ್, ಇದರಲ್ಲಿ ನೀನೆಲ್ಲಪ್ಪಾ?"

"ಫೋಟೋ ತೆಗೆದವನೇ ನಾನು ಬು!" ಗಾಲಿಹ್ ತಟ್ಟನೆ ಹೇಳಿದ.

ಮೂಲೆಯಲ್ಲಿದ್ದ ಯೋಸಾಫಾತ್ ಎದ್ದು ನಿಂತ. "ಏನೋ ಹೇಳ್ತಿದೀಯ? ಆ ಹೊತ್ತಿಗೆ ನಾನು ಟಿಟಿಪ್ ಹೇಳಿದ್ದ ಲೊಂತೊಂಗ್ ತಂದುಕೊಟ್ಟೋನು ನೀನೇ ಅಲ್ವೇನೋ! ಕೈ ಸುಡೋ ಹಾಗಿತ್ತು."

ತನ್ನ ಲ್ಯಾಪ್‌ಟಾಪ್ ತರಲು ಬು ನನ್ನನ್ನು ಕಳಿಸುವಷ್ಟರಲ್ಲಿ ಗಾಲಿಹ್ ಒಪ್ಪಿಕೊಂಡ. ಪಟ್ಟಿ ಅದರಲ್ಲೇ ಇತ್ತು. ಸೋಮವಾರ ಒಬ್ಬ ವಿಮಾ ದಲ್ಲಾಳಿಗೆ ಮಾರುವುದಿತ್ತಂತೆ. ಯೋಸಾಫಾತ್‌ನ ಮುಖ ನೋಡಲು ನನಗೆ ನಾಚಿಕೆಯಾಯಿತು.

ಪಾಕ್ ದಾನು ದೂರಿನ ಪತ್ರ ಹರಿದರು. "ಸರಿ ಪ್ರಿಹಾತಿನ್, ಮುಗೀತು. ಮನೆಗೆ ಹೋಗು. ಆದ್ರೆ ಗುಂಪಿಗೆ ಕೀಲಿ ಹಾಕಿದ್ದು ನಿನ್ನ ತಪ್ಪೇ."

"ತಪ್ಪೇ," ಎಂದರು ಬು. "ಈ ತಿಂಗಳು ಗುಂಪಲ್ಲಿ ಹಾಗೆ ಕೇಳಿದೋರು ಯಾರ್ಯಾರು ಅಂತ ಎಣಿಸಿದೆ ಪಾಕ್. ಗಾಲಿಹ್ ಮೂರು ಸಲ. ನೀವು ಹದಿನಾಲ್ಕು ಸಲ."

ಪಾಕ್ ದಾನುವಿನ ಕಿವಿ ಕೆಂಪಾಯಿತು. ಪ್ರಿಹಾತಿನ್ ಮಾತ್ರ ಬಾಗಿಲ ಬಳಿಯಿಂದ ಕದಲಲಿಲ್ಲ.

"ಪಾಕ್, ಕಳ್ಳಿ ಅಂದಿದ್ದು ಈ ಕೋಣೇಲಿ ಅಲ್ಲ. ಹೊರಗೆ, ಎಲ್ಲರ ಮುಂದೆ."

ಅವರು ಬುವನ್ನು ನೋಡಿದರು. ಬು ಸಹಾಯಕ್ಕೆ ಹೋಗಲಿಲ್ಲ. ಕೊನೆಗೆ ಪಾಕ್ ದಾನು ಎದ್ದು, ಬಾಗಿಲು ತೆರೆದು, ದೊಡ್ಡ ಹಾಲಿನ ನಡುವೆ ನಿಂತು ಗಂಟಲು ಸರಿಪಡಿಸಿಕೊಂಡರು.

"ಎಲ್ಲರೂ ಕೇಳಿ. ಪ್ರಿಹಾತಿನ್ ಕದ್ದಿಲ್ಲ. ನಾನು ವಿಚಾರಿಸದೆ ಹೇಳಿದೆ. ಕ್ಷಮಿಸು, ಮ್ಬಾಕ್."

ತನಗಿಂತ ಇಪ್ಪತ್ತು ವರ್ಷ ಚಿಕ್ಕವಳನ್ನು ಅವರು ಅಕ್ಕ ಎಂದು ಕರೆದದ್ದು ಅದೇ ಮೊದಲು. ಪ್ರಿಹಾತಿನ್ ಆಗ ಅತ್ತಳು.