ಹೆಪ್ಪುಗಟ್ಟಿದ ಇಂಜೆಕ್ಷನ್

"ಸಾಲಿ ಬಿಟ್ಟು ಐಸ್‌ಕ್ರೀಮ್ ಮಾರೋ ಮಂಗ್ಯಾನ ಕೈಯಾಗ ಔಷಧ ಕೊಟ್ರ ಮತ್ತೇನಾಗ್ತದ!"

ಸುಯಮೀಂದ್ರ ಕೂಗಿದ ರಭಸಕ್ಕೆ, ಹಾನಗಲ್ ಬಸ್‌ಸ್ಟ್ಯಾಂಡ್ ಎದುರಿನ ಕೋಲ್ಡ್ರಿಂಕ್ಸ್ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕೌಂಟರಿನ ಮೇಲೆ ಅವನ ತಂಗಿ ವೃಂದಾಳ ಇಂಜೆಕ್ಷನ್ ಬಿದ್ದಿತ್ತು, ಕಲ್ಲಿನಂತೆ ಹೆಪ್ಪುಗಟ್ಟಿ.

ಅಂಗಡಿಯ ಕೆಲಸದ ಹುಡುಗ ಫಕ್ಕೀರೇಶನ ಕೈ ತುರಿಸಿತು. ಬಾರಿಸಿಬಿಡಲೇ? ಆದರೆ ಪಕ್ಕದಲ್ಲೇ ವೃಂದಾ. ಅವಳ ಕುತ್ತಿಗೆ ತುಂಬ ಮತ್ತೆ ಕೆಂಪು ಗಂಧೆ ಎದ್ದಿತ್ತು. ಅವನು ಕಣ್ಣು ಕೆಳಗೆ ಹಾಕಿದ.

ಮನೆಯ ಫ್ರಿಜ್ ಕೆಟ್ಟಿದೆ ಎಂದು ನಿನ್ನೆ ಹುಬ್ಬಳ್ಳಿ ಬಸ್ಸಿಳಿದವಳೇ ಇಂಜೆಕ್ಷನ್ ಅವನ ಕೈಗಿಟ್ಟಿದ್ದಳು.

"ಇದೇನ್ ಮಾಡ್ತೈತ್ರಿ?"

"ಅಲರ್ಜಿ ಎಬ್ಬಸೋ ಆಂಟಿಬಾಡಿ ಇರ್ತಾವಲ್ಲ, ಅವು ನಮ್ಮ ರಕ್ಷಣಾ ಕೋಶದ ಮ್ಯಾಲೆ ಹೋಗಿ ಕೂಡ್ತಾವ. ಕೂಡೋ ಖುರ್ಚಿಗೆ ರಿಸೆಪ್ಟರ್ ಅಂತಾರ. ಈ ಔಷಧ ಅವನ್ನ ದಾರಿಯೊಳಗ ಹಿಡೀತದ."

"ಖುರ್ಚಿ ಖಾಲಿ ಉಳದ್ರ?"

"ಕೋಶ ಮೆಲ್ಲಕ ಖುರ್ಚಿ ಒಳಗ ಎಳಕೋತದ. ಔಷಧ ಬಿಟ್ರ ಮತ್ತ ಹೊರಗ ಹಾಕ್ತದ."

"ನನ್ನ ಸಿಟ್ಟಿಗೂ ಇಂಥಾದ್ದೊಂದು ತರ್ರಿ."

ಅವಳು ನಕ್ಕಳು. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಆಮೇಲೆ ಇನ್ನೂ ಏನೋ ಹೇಳಿದಳು. ಆ ಗುಳಿಯಲ್ಲೇ ಬಿದ್ದಿದ್ದವನಿಗೆ 'ತಣ್ಣಗ ಇರಬೇಕು' ಎಂದಷ್ಟೇ ಕೇಳಿಸಿತು. ಗಿರಾಕಿಗಳು ಪದೇ ಪದೇ ತೆರೆದು ಮುಚ್ಚುವ ಅಂಗಡಿಯ ಫ್ರಿಜ್ ಬೇಡವೆಂದು, ಅವಳ ವಸ್ತು ಅಂತ ಜೋಪಾನವಾಗಿ ಐಸ್‌ಕ್ರೀಮ್ ಪೆಟ್ಟಿಗೆಯ ತಳಕ್ಕೆ ಇಟ್ಟ. ಹೆಪ್ಪುಗಟ್ಟಿದರೆ ಔಷಧ ಕೆಡುತ್ತದೆಂದು ಅವಳು ಹೇಳಿದ್ದಳಂತೆ.

"ಅಣ್ಣಾ, ಅವಗ ಬೈಬ್ಯಾಡ." ವೃಂದಾ ತೋಳಿನ ಗಂಧೆಯ ಮೇಲೆ ದುಪಟ್ಟಾ ಎಳೆದುಕೊಂಡಳು. "ಐಸ್‌ಕ್ರೀಮ್ ಪೆಟ್ಟಿಗ್ಯಾಗ ಇಡು ಅಂತ ನಾನಾ ಹೇಳಿದ್ದೆ."

"ಎಮ್ಮೆಸ್ಸಿ ಓದಿದಾಕಿ ನೀ!"

ಯಾರೋ ಕಿಸಕ್ಕೆಂದರು. ಅವಳ ಮುಖ ಕೆಂಪೇರಿತು. ಆದರೂ ಫಕ್ಕೀರೇಶನ ಮೇಲಿಟ್ಟ ಕಣ್ಣು ಕದಲಲಿಲ್ಲ. ಆ ಕಣ್ಣಿನಲ್ಲಿ ಇದ್ದದ್ದು ಅವನಿಗೆ ಅರ್ಥವಾಯಿತು. ಇಷ್ಟು ದಿನ ಅದಕ್ಕಾಗಿಯೇ ಕಾದಿದ್ದ. ಬರಬೇಕಾದದ್ದು ಇವತ್ತೇ, ಹೀಗೇ ಬರಬೇಕೆ?

ಸುಯಮೀಂದ್ರ ಅವನತ್ತ ತಿರುಗಿದ. "ಏನೋ, ಇಕಿನಾ ಹೇಳಿದ್ಲೇನು?"

'ಇಲ್ಲ' ಅಂದರೆ ಅವಳೇಕೆ ಸುಳ್ಳಾಡಿದಳೆಂದು ಊರೇ ಕೇಳುತ್ತದೆ. 'ಹೌದು' ಅಂದರೆ ಇನ್ಯಾವ ಮುಖ ಹೊತ್ತು ಅವಳೆದುರು ನಿಲ್ಲುವುದು?

"ಮಾತಾಡಲೇ ಫಕ್ಕೀರ್ಯಾ," ಎಂದ ಮಾಲೀಕ ಕರೀಮಸಾಬ.

ವೃಂದಾ ಸಣ್ಣಗೆ ತಲೆಯಾಡಿಸಿದಳು: ಖರೇ ಹೇಳಬ್ಯಾಡ.

ಕೆಟ್ಟ ಇಂಜೆಕ್ಷನ್ನನ್ನು ಮುಷ್ಟಿಯಲ್ಲಿ ಹಿಡಿದು ಫಕ್ಕೀರೇಶ ಅಂಗಡಿಯಿಂದ ಇಳಿದ. ಬೆರಳ ಸಂದಿಯಿಂದ ತಣ್ಣನೆ ನೀರು ತೊಟ್ಟಿಕ್ಕುತ್ತಿತ್ತು. ಹಿಂತಿರುಗಿ ನೋಡಲಿಲ್ಲ. ನಿಂತ ಬಸ್ಸುಗಳ ನಡುವೆ ನಡೆದುಬಿಟ್ಟ.