ಸೀಮೆಸುಣ್ಣದ ಗುರುತಿಲ್ಲದ ಟೈರು

"ಜೀವದ ಮ್ಯಾಲೆ ಬ್ಯಾಸರ ಬಂದೈತೇನ್ರಿ ನಿಮಗ?"

ಮುಂಬೈನ ಸಾಂತಾಕ್ರೂಜ್‌ನಲ್ಲಿದ್ದ ಅಪ್ಪನ ಟೈರ್ ಅಂಗಡಿಯಲ್ಲಿ ಪ್ರಫುಲ್ಲಾ ಹಾಗೆ ಗದರಿದಾಗ ಕೇಶವ ಬೆಚ್ಚಿಬಿದ್ದ. ಯಾವ ಹುಡುಗಿಯೂ ಅವನನ್ನು ಹೀಗೆ ಬೈದಿರಲಿಲ್ಲ!

ಅವನು ಕೇಳಿದ್ದಿಷ್ಟೇ... ಫಿಯೆಟ್‌ನ ಹಿಂದಿನ ಚಕ್ರಗಳಿಗೆ ನುಣ್ಣಗೆ ಸವೆದ ಟೈರು. ಕಲ್ಯಾಣದಾಚೆಯ ಪಾಳು ರನ್‌ವೇ ಮೇಲೆ ಭಾನುವಾರ ಬೆಳಿಗ್ಗೆ ಕಾರುಗಳ ಓಟ. ಕಾಲು ಮೈಲಿ, ನೇರ.

"ಒಣ ನೆಲದಾಗ ಬೋಳು ಟೈರು ಗಟ್ಟಿ ಹಿಡೀತಾವ, ಖರೆ. ಮಳಿ ಬಂತಂದ್ರ? ನೀರಿನ ಮ್ಯಾಲೆ ತೇಲಿ ಹೋಗ್ತೀರಿ! ಗೆರಿ ಇರೋ ಜೋಡೀನೂ ಡಿಕ್ಕಿಯೊಳಗ ಇರಲಿ. ವಾಪಸ್ ಬರೂಮುಂದ ಅದನ್ನ ಹಾಕ್ರಿ."

ಸವೆದ ಟೈರಿಗೆ ಕಾಯಿಸಿದ ಚಾಕುವಿನಿಂದ ಹೊಸ ಗೆರೆ ಕೊಯ್ಯುವುದು ಅವಳ ಕೆಲಸ. ಸರಿಯಾದ ಟೈರಿನ ಒಳಮಗ್ಗುಲಿಗೆ ಸೀಮೆಸುಣ್ಣದಿಂದ ಪುಟ್ಟ ನಕ್ಷತ್ರ ಬರೆಯುವಳು.

"ನಕ್ಷತ್ರ ಇಲ್ಲದ್ದು ಹಾಕಬ್ಯಾಡ್ರಿ. ಯಾರ್ ಕೊಟ್ರೂ."

ಅಂದಿನಿಂದ ಅವನು ಗಾಳಿ ಸರಿಯಿದ್ದರೂ ಗಾಳಿ ಹಾಕಿಸಲು ವಿಲೆ ಪಾರ್ಲೆಯಿಂದ ಬರತೊಡಗಿದ. ಅವಳೂ ಬೇಕೆಂದೇ ತಡಮಾಡಿ ಗಾಳಿ ತುಂಬಿಸುತ್ತಿದ್ದಳು.

ಜೂನ್ ಬಂತು. ಮಳೆ ಇನ್ನೂ ಬಿದ್ದಿರಲಿಲ್ಲ. ಶನಿವಾರ, ಹೊಸ ಗೆರೆಗೆಂದು ಅವನು ಬಿಟ್ಟುಹೋದ ಜೋಡಿಯೇ ಅವಳ ಕೈಯಲ್ಲಿತ್ತು. ಒಂದು ಮುಗಿದು, ನಕ್ಷತ್ರವೂ ಬಿದ್ದಿತ್ತು. ಎರಡನೆಯದಕ್ಕೆ ಚಾಕು ಇಟ್ಟಾಗಲೇ ಬೀದಿಯಲ್ಲಿ ಅವನ ಫಿಯೆಟ್ ಹೋಯಿತು.

ಕಾರಿಗೆಲ್ಲ ಚೆಂಡುಹೂವಿನ ಮಾಲೆ! ರೇಷ್ಮೆ ಜುಬ್ಬಾದಲ್ಲಿ ಕೇಶವ. ಹಿಂದಿನ ಸೀಟಿನಲ್ಲಿ ಬಾಸಿಂಗ ಕಟ್ಟಿದ ಮದುಮಗಳು...

ಒಂದು ಮಾತೂ ಹೇಳಲಿಲ್ಲವಲ್ಲ!

ಕಣ್ಣು ಮಂಜಾಯಿತು. ಕೈ ಸಿಟ್ಟಿನಿಂದ ಒತ್ತಿತು. ಕೊಯ್ದ ಗೆರೆಯೊಳಗೆ, ರಬ್ಬರಿನ ಕೆಳಗಿನ ಬಿಳಿ ನೂಲು ಇಣುಕಿತು. ಅಷ್ಟು ಆಳಕ್ಕೆ ಕೊಯ್ದ ಟೈರು ದಾರಿಯಲ್ಲಿ ಎಲ್ಲಾದರೂ ಸಿಡಿಯುತ್ತದೆ. ಅದನ್ನು ಬಾಗಿಲ ಹಿಂದೆ ಎಸೆದು, ಯಾರಿಗೂ ಹೇಳದೆ ಮನೆಗೆ ಹೋಗಿ ಮಲಗಿಬಿಟ್ಟಳು.

ಭಾನುವಾರ ಅವಳು ಅಂಗಡಿಗೆ ಬಂದಾಗ ಬಾಗಿಲ ಹಿಂದೆ ಏನೂ ಇರಲಿಲ್ಲ.

"ಅಪ್ಪಾ... ಇಲ್ಲಿದ್ದ ಟೈರು?"

"ಕೇಶವ ಬೆಳಿಗ್ಗೆ ಬಂದು ಜೋಡಿ ಒಯ್ದ" ಎಂದ ಶೆಟ್ಟೆಪ್ಪ, ಎಂದಿನ ಹೆಮ್ಮೆಯಿಂದ. "ರಾತ್ರೀನ ರಿಮ್ಮಿಗೆ ಹಾಕಿ, ಕರಿ ಬಣ್ಣ ಬಳದಿಟ್ಟಿದ್ದೆ. ಹೊಸಾದರಂಗ ಕಾಣ್ತಿತ್ತು ನೋಡು!"

ಬಣ್ಣದ ಕೆಳಗೆ ನೂಲು ಮುಚ್ಚಿಹೋಗಿರುತ್ತದೆ!

ಅದೇ ಹೊತ್ತಿಗೆ ಆಕಾಶ ಕಪ್ಪಾಗಿ, ವರ್ಷದ ಮೊದಲ ಮಳೆ ತಗಡಿನ ಮೇಲೆ ಬಿತ್ತು.

ಈಗ ಓಟ ನಿಂತಿರುತ್ತದೆ. ಈಗ ಅವನು ಬೋಳು ಟೈರು ಬಿಚ್ಚಿರುತ್ತಾನೆ. ಈಗ ಅದನ್ನು ಹಾಕಿರುತ್ತಾನೆ...

ಟೈರು ಹಾಕಿದ್ದ ಒಳ್ಳೆಯ ಚಕ್ರವೊಂದನ್ನು ಉರುಳಿಸುತ್ತಾ ಪ್ರಫುಲ್ಲಾ ಸ್ಟೇಷನ್ನಿಗೆ ಓಡಿದಳು. ದಾದರ್‌ನಲ್ಲಿ ಇಳಿದು ಕಲ್ಯಾಣದ ಲೋಕಲ್ ರೈಲು ಹತ್ತಿದಳು. ಕಿಟಕಿಯಾಚೆ ಎಲ್ಲ ಬೂದು. ಅವಳ ಕಣ್ಣ ಮುಂದೆ ಮಾತ್ರ ಆ ಬಿಳಿ ನೂಲು, ಒಂದೊಂದೇ ಎಳೆ ಹರಿಯುತ್ತಿತ್ತು.

*ಅವನು ಯಾರ ಗಂಡನಾದರೂ ಆಗಲಿ ದೇವರೇ... ಬದುಕಿರಲಿ.*

ರಿಕ್ಷಾ ರನ್‌ವೇ ತಲುಪಿದಾಗ ಜನರೆಲ್ಲ ಹೋಗಿಯಾಗಿತ್ತು. ಮಳೆಯ ನಡುವೆ ಒಂದೇ ಫಿಯೆಟ್. ಬಾಗಿಲು ತೆರೆದಿತ್ತು. ಒಳಗೆ ಯಾರೂ ಇಲ್ಲ!

"ಕೇಶವಾ!"

ಡಿಕ್ಕಿಯ ಹಿಂದಿನಿಂದ ಅವನು ಎದ್ದು ನಿಂತ. ಪೂರ್ತಿ ತೊಯ್ದಿದ್ದ.

ಅವಳು ಚಕ್ರ ಬಿಟ್ಟು ಬಿಕ್ಕಿಬಿಕ್ಕಿ ಅತ್ತಳು. "ಆ ಟೈರು ನಾನ ಹಾಳ ಮಾಡೇನ್ರಿ... ಸಿಟ್ಟಿನಾಗ. ನಿಮ್ಮ ಮದವಿ ಆತಂತ ತಿಳಕೊಂಡು... ನನಗ ಸಹಿಸಲಿಕ್ಕ ಆಗ್ಲಿಲ್ಲ!"

"ನನ್ನ ಮದುವೆನಾ? ಅವಳು ಚಿಕ್ಕಪ್ಪನ ಮಗಳು, ಕೌಸಲ್ಯಾ! ಬ್ಯೂಟಿ ಪಾರ್ಲರಿಂದ ಮಂಟಪಕ್ಕೆ ಬಿಟ್ಟು ಬಂದೆ ಅಷ್ಟೇ."

"ಮತ್ತ... ಆ ಟೈರು ಹಾಕಲಿಲ್ಲೇನು?"

"ಒಂದಕ್ಕೆ ನಕ್ಷತ್ರ ಇರಲಿಲ್ಲವಲ್ಲ. ಮಳೇಲಿ ಬೋಳು ಟೈರಲ್ಲಿ ಹೋಗಬೇಡ ಅಂದೋಳೂ ನೀನೇ. ಅದಕ್ಕೇ ಮಳೆ ನಿಲ್ಲಲಿ ಅಂತ ಕೂತೆ."

"ಮುಂಬೈ ಮಳಿ ಸಪ್ಟೆಂಬರಿಗೆ ನಿಲ್ಲತೈತ್ರಿ!"

"ಕೂತಿರ್ತಿದ್ದೆ."

ಅವಳು ಸೀಮೆಸುಣ್ಣ ತೆಗೆದು, ತಂದ ಟೈರಿನ ಮೇಲೆ ನಕ್ಷತ್ರ ಬರೆದಳು. ಮಳೆ ಅದನ್ನು ಆಗಲೇ ಕರಗಿಸತೊಡಗಿತು.

"ಅಳಿಸಿ ಹೋಗ್ತೈತಿ..."

"ದಿನಾ ಬರಿ ಪ್ರಫುಲ್ಲಾ. ನಮ್ಮ ಮನೇಲೇ ಇದ್ದು, ದಿನಾ ಬೆಳಿಗ್ಗೆ ಬರಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೊದಲ ಜಾಕ್ ಹಚ್ಚರಿ... ಆಮ್ಯಾಲೆ ಅಪ್ಪನ ಕೂಡ ಮಾತಾಡೀರಂತ."